ಊಟವಲ್ಲದ ತುತ್ತು

2022ರಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದವರು ಮಕ್ಕಳ ತೊದಲು ಸರಿಮಾಡುವವಳು ಎಂದುಕೊಳ್ಳುತ್ತಾರೆ. ಆ ಕೆಲಸವೂ ಇದೆ. ಆದರೆ ನನ್ನ ದಿನದ ಹೆಚ್ಚಿನ ಪಾಲು ಹೋಗುತ್ತಿದ್ದುದು ನುಂಗಲಾಗದವರ ಜೊತೆ. ಪಾರ್ಶ್ವವಾಯು ಹೊಡೆದಾಗ ಕೈಕಾಲಿನಂತೆ ಗಂಟಲೂ ಸೋಲುತ್ತದೆ. ತುತ್ತು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಜಾರುತ್ತದೆ. ಅದಕ್ಕೆ ಆಸ್ಪಿರೇಶನ್ ಎನ್ನುತ್ತೇವೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಯಾರು ಏನನ್ನು ನುಂಗಬಹುದು, ಯಾರು ಏನನ್ನೂ ನುಂಗಬಾರದು ಎಂದು ಹೇಳುವುದು ನನ್ನ ಕೆಲಸ. ಬೇಡ, ಬೇಡ ಎಂದು ಹೇಳಿ ಎಷ್ಟೋ ಮನೆಯವರ ಕಣ್ಣಿಗೆ ಕೆಟ್ಟವಳಾಗಿದ್ದೇನೆ.

ಅದರ ಹಿಂದಿನ ವರ್ಷ, ಕೋವಿಡ್‌ನ ಎರಡನೇ ಅಲೆಯಲ್ಲಿ, ನನ್ನ ಪತಿ ತೀರಿಕೊಂಡಿದ್ದರು. ನಾವು ಕಥೋಲಿಕರು. ಕೊನೆಗಾಲದಲ್ಲಿ ಗುರುಗಳು ಬಂದು ಹಣೆಗೆ ಎಣ್ಣೆ ಹಚ್ಚಿ, ಪರಮಪ್ರಸಾದ ಕೊಟ್ಟು ಕಳಿಸಿಕೊಡುವುದು ನಮ್ಮ ರೂಢಿ. ಪರಮಪ್ರಸಾದವೆಂದರೆ ಚರ್ಚಿನ ಬಲಿಪೂಜೆಯಲ್ಲಿ ಕೊಡುವ ತೆಳ್ಳನೆಯ ಗೋಧಿ ರೊಟ್ಟಿ, ನಮಗದು ಕ್ರಿಸ್ತರ ಶರೀರ. ಅವರಿದ್ದ ವಾರ್ಡಿಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅವರಿಗೆ ಎಣ್ಣೆಯೂ ಸಿಗಲಿಲ್ಲ, ಪ್ರಸಾದವೂ ಸಿಗಲಿಲ್ಲ. ಆಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಭಾನುವಾರದ ಪೂಜೆ ತಪ್ಪಿಸಲಿಲ್ಲ, ಆದರೆ ಒಂದು ಪ್ರಾರ್ಥನೆಯೂ ಒಳಗೆ ಇಳಿಯಲಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗಿತ್ತು ಮನಸ್ಸು. ಕೆಲಸ ಮಾತ್ರ ಸರಿಯಾಗಿ ನಡೆಯುತ್ತಿತ್ತು.

ಲೂರ್ದಮ್ಮ ಆಸ್ಪತ್ರೆಗೆ ಬಂದದ್ದು 2022ರ ಮಳೆಗಾಲದಲ್ಲಿ. ಅರೆಕೆರೆಯವರು, ಎಪ್ಪತ್ತು ದಾಟಿದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಎಡಭಾಗಕ್ಕೆ ಪಾರ್ಶ್ವವಾಯು. ಬುದ್ಧಿ ಚುರುಕಾಗಿತ್ತು, ಮಾತು ಎಳೆದೆಳೆದು ಬರುತ್ತಿತ್ತು, ನುಂಗುವುದು ಪೂರ್ತಿ ಕೆಟ್ಟಿತ್ತು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿ ಅದರಲ್ಲೇ ಆಹಾರ ಬಿಡುತ್ತಿದ್ದೆವು. ಮನೆಗೆ ಕಳಿಸುವ ದಿನ ಮಗಳು ಸ್ಟೆಲ್ಲಾಳನ್ನು ಕೂರಿಸಿಕೊಂಡು ಹೇಳಿದೆ: ಇಡ್ಲಿ ಬೇಡ, ಗಂಜಿ ಬೇಡ, ಕಾಫಿ ಬೇಡ, ಮಾತ್ರೆ ಬೇಡ, ತುಟಿ ಒದ್ದೆ ಮಾಡುವ ನೆಪದಲ್ಲಿ ನೀರೂ ಬೇಡ. ಸ್ಟೆಲ್ಲಾ ಬಿಟಿಎಂನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು, ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಣ್ಣು. ಅವಳ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು.

ಎರಡು ವಾರ ಕಳೆಯುವುದರೊಳಗೆ ಲೂರ್ದಮ್ಮ ಜ್ವರ, ಏದುಸಿರಿನೊಂದಿಗೆ ವಾಪಸ್ ಬಂದರು. ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಆಸ್ಪಿರೇಶನ್ ಆದರೆ ಸಾಮಾನ್ಯವಾಗಿ ಅಲ್ಲೇ ಕಾಣುವುದು. ಗುಣವಾಗಿ ಮನೆಗೆ ಹೋದರು. ಮುಂದಿನ ತಿಂಗಳು ಮತ್ತೆ ಅದೇ ಜ್ವರ, ಅದೇ ಜಾಗ. ವಾರ್ಡಿನ ಡಾಕ್ಟರು ಹುಬ್ಬಳ್ಳಿ ಕಡೆಯವರು, ನೇರ ಮಾತಿನ ಮನುಷ್ಯ.

"ಅಕ್ಕಾರ, ಊಟ ನೀರು ಏನರ ಬಾಯಿಂದ ಕೊಟ್ಟೀರೇನ್ರಿ? ಖರೇ ಹೇಳ್ರಿ," ಎಂದು ಸ್ಟೆಲ್ಲಾಳನ್ನು ಕೇಳಿದರು.

"ಇಲ್ಲ ಡಾಕ್ಟ್ರೇ. ಒಂದ್ ಹನಿ ನೀರೂ ಕೊಟ್ಟಿಲ್ಲ. ದೇವ್ರಾಣೆ."

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಹೀಗಾದರೆ ಮುದುಕಿ ಉಳಿಯುವುದಿಲ್ಲ ಎಂದರು. ಎಲ್ಲಿಂದ ಸೋರುತ್ತಿದೆ ಎಂದು ನಾನೇ ಹುಡುಕಬೇಕಿತ್ತು.

ಅಂದು ಸೋಮವಾರ. ಹಿಂದಿನ ಸಲವೂ ಜ್ವರ ಬಂದದ್ದು ವಾರದ ಶುರುವಿನಲ್ಲೇ. ಲೂರ್ದಮ್ಮನ ಮಣಿಕಟ್ಟಿಗೆ ಜಪಸರ ಸುತ್ತಿತ್ತು. ಅದನ್ನು ನೋಡುತ್ತ ನಿಂತವಳಿಗೆ ಒಂದು ಅನುಮಾನ ಹೊಳೆಯಿತು.

"ಸ್ಟೆಲ್ಲಾ, ಭಾನುವಾರ ಮನೆಗೆ ಪರಮಪ್ರಸಾದ ಬರುತ್ತಾ?"

ಅವಳ ಮುಖ ಅರಳಿತು. "ನೀವೂ ನಮ್ಮೋರೇನಾ ಮೇಡಂ? ಬರುತ್ತೆ. ಪೂಜೆ ಮುಗಿಸ್ಕೊಂಡು ಫಾದರ್ರೇ ತರ್ತಾರೆ. ಮನೇಲಿದ್ದಾಗ ಅಮ್ಮ ಒಂದ್ ವಾರಾನೂ ತಪ್ಸಿಲ್ಲ."

"ಬಾಯಿಗೇ ಕೊಡ್ತಾರಾ?"

"ಹ್ಞೂಂ, ಬಾಯಿಗೇ..." ಎಂದವಳು ಅಲ್ಲಿಗೆ ನಿಂತಳು. ಅವಳ ಕೈ ಬಾಯಿಯನ್ನು ಮುಚ್ಚಿತು. "ಮೇಡಂ, ಅದು ಊಟ ಅಲ್ವಲ್ಲ..."

ಅವಳು ಸುಳ್ಳು ಹೇಳಿರಲಿಲ್ಲ. ಡಾಕ್ಟರು ಕೇಳಿದ್ದು ಊಟ, ನೀರಿನ ಬಗ್ಗೆ. ಅವಳು ಎರಡನ್ನೂ ಕೊಟ್ಟಿರಲಿಲ್ಲ. ನಮ್ಮ ಮನೆಗಳಲ್ಲಿ ಬೆಳೆದವರು ಯಾರೂ ಅದನ್ನು ಇಡ್ಲಿ, ಕಾಫಿಯ ಸಾಲಿಗೆ ಸೇರಿಸುವುದಿಲ್ಲ. ಅಷ್ಟೆಲ್ಲ ಬೇಡಗಳನ್ನು ಎಣಿಸಿ ಹೇಳಿದ ನನಗೂ ಅದು ತೋಚಿರಲಿಲ್ಲ. ಆದರೆ ಆ ಒಣ ರೊಟ್ಟಿ ಅಂಗುಳಿಗೆ ಅಂಟುತ್ತದೆ, ಪುಡಿಯಾಗಿ ಹಿಂದಕ್ಕೆ ಜಾರುತ್ತದೆ. ಸೋತ ಗಂಟಲಿಗೆ ಅದಕ್ಕಿಂತ ಕಷ್ಟದ ವಸ್ತು ಅಪರೂಪ.

ಜ್ವರ ಇಳಿದ ಮೇಲೆ ಲೂರ್ದಮ್ಮನಿಗೆ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸದ್ಯಕ್ಕೆ ಪರಮಪ್ರಸಾದ ಬೇಡ ಎಂದೆ. ಅವರು ನನ್ನನ್ನೇ ದಿಟ್ಟಿಸಿ, ಲೆಕ್ಕ ತಪ್ಪಿದ ಹುಡುಗಿಯನ್ನು ತಿದ್ದುವಂತೆ ನಿಧಾನವಾಗಿ ಹೇಳಿದರು: "ಅದು... ಊಟ ಅಲ್ಲ."

"ಗಂಟಲಿಗೆ ಅದು ಗೊತ್ತಾಗಲ್ಲ ಅಮ್ಮ."

ಅವರು ತುಟಿ ಬಿಗಿದುಕೊಂಡರು. ಮಾರನೆಯ ದಿನದಿಂದ, ನಾನು ಮಾಡಿಸುತ್ತಿದ್ದ ನುಂಗುವ ವ್ಯಾಯಾಮಕ್ಕೂ ಬಾಯಿ ತೆರೆಯಲಿಲ್ಲ. ವ್ಯಾಯಾಮ ನಿಂತರೆ ನುಂಗುವ ಶಕ್ತಿ ಮರಳುವ ಆಸೆಯೂ ಅಲ್ಲಿಗೆ ಮುಗಿದಂತೆ. ಪ್ರಸಾದ ಕೊಟ್ಟರೆ ಪ್ರಾಣಕ್ಕೆ ಕುತ್ತು, ಕೊಡದಿದ್ದರೆ ಈ ಹಟ. ಇಂಥ ಹಟಮಾರಿ ರೋಗಿಗಳ ಮೇಲೆ ಮೊದಲೆಲ್ಲ ರೇಗುತ್ತಿದ್ದೆ. ಆ ವರ್ಷ ರೇಗುವುದಕ್ಕೂ ನನ್ನಲ್ಲಿ ಏನೂ ಉಳಿದಿರಲಿಲ್ಲ.

ಪ್ರಸಾದ ತರುತ್ತಿದ್ದ ಫಾದರ್ ಆಸ್ಪತ್ರೆಗೆ ಓಡಿಬಂದರು. ಇನ್ನೂ ಚಿಕ್ಕ ವಯಸ್ಸು, ವಿಷಯ ಕೇಳಿ ಬಿಳಿಚಿಕೊಂಡಿದ್ದರು. ಮನಸ್ಸಿನಲ್ಲಿ ಬಯಸಿದರೂ ಸ್ವೀಕರಿಸಿದಂತೆಯೇ ಎಂದು ಲೂರ್ದಮ್ಮನಿಗೆ ಸಮಾಧಾನ ಹೇಳಿದರು. ಅವರು ತಲೆಯಾಡಿಸಿದರು, ಆಗದು. ಹಾಗಾದರೆ ಪೂಜೆಯ ದ್ರಾಕ್ಷಾರಸದ ನಾಲ್ಕು ಹನಿ ಟ್ಯೂಬಿನಲ್ಲಿ ಬಿಡಬಹುದು, ಅದಕ್ಕೆ ಅವಕಾಶವಿದೆ ಎಂದರು ಫಾದರ್.

ಲೂರ್ದಮ್ಮ ಅವರತ್ತ ತಿರುಗಿದರು. "ಸ್ವಾಮಿ, ದೇವ್ರನ್ನ ಮೂಗಿಂದ ಬಿಡ್ತೀರಾ?"

ಸ್ಟೆಲ್ಲಾ ನಕ್ಕುಬಿಟ್ಟಳು, ಫಾದರ್ ಕೂಡ ನಕ್ಕರು. ನಾನು ನಗಲಿಲ್ಲ. ನಗು ಬರಬೇಕಾದ ಜಾಗ ಎಂಬುದು ಮಾತ್ರ ತಿಳಿಯಿತು. ನಾನು ಕೇಳಿದ್ದು ಕೆಲಸದ ಮಾತು: "ಫಾದರ್, ಎಷ್ಟು ಚಿಕ್ಕ ಚೂರಾದ್ರೆ ಸಾಕು?"

"ಎಷ್ಟು ಚಿಕ್ಕದಾದ್ರೂ ಸರಿ. ರೊಟ್ಟಿ ಅಂತ ಕಂಡ್ರೆ ಸಾಕು. ಚೂರಲ್ಲೂ ಕ್ರಿಸ್ತರು ಪೂರ್ತಿನೇ ಇರೋದು."

ಹಾಗಾದರೆ ದಾರಿ ಇದೆ ಎಂದೆ. ಲೂರ್ದಮ್ಮನ ಜೊತೆ ಒಪ್ಪಂದವಾಯಿತು. ಅವರು ದಿನವೂ ವ್ಯಾಯಾಮ ಮಾಡಬೇಕು, ಪರೀಕ್ಷೆಯಲ್ಲಿ ಪಾಸಾಗಬೇಕು, ಅಲ್ಲಿಯವರೆಗೆ ಬಾಯಿಗೆ ಏನೂ ಇಲ್ಲ. ಟೀಚರಿಗೆ ಪರೀಕ್ಷೆ ಎಂಬ ಮಾತು ಹಿಡಿಸಿರಬೇಕು. ತಣ್ಣನೆಯ ಚಮಚ ನಾಲಿಗೆಯ ಬುಡಕ್ಕೆ ತಾಗಿಸಿದಾಗೆಲ್ಲ ಶಕ್ತಿಯೆಲ್ಲ ಕೂಡಿಸಿ ನುಂಗಿದರು. ಮನೆಗೆ ಹೋದ ಮೇಲೂ ಅರೆಕೆರೆಗೆ ಹೋಗಿ ನಾನೇ ಮಾಡಿಸಿದೆ. ಮಳೆಗಾಲ ಕಳೆದು ಚಳಿ ಶುರುವಾಯಿತು. ಆ ಅಷ್ಟೂ ಭಾನುವಾರ ಅವರು ಕಿಟಕಿಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು ಎಂದು ಸ್ಟೆಲ್ಲಾ ಹೇಳಿದಳು.

ಪರೀಕ್ಷೆಯೆಂದರೆ ವಿಡಿಯೋ ಎಕ್ಸ್-ರೇ. ಬೇರಿಯಂ ಬೆರೆಸಿದ್ದನ್ನು ನುಂಗಿಸಿದರೆ ಅದು ಎತ್ತ ಹೋಗುತ್ತದೆ ಎಂದು ಪರದೆಯ ಮೇಲೆ ಕಾಣುತ್ತದೆ. ಪೂಜೆಯಲ್ಲಿ ಇನ್ನೂ ಅರ್ಪಿಸದ, ಬರಿಯ ರೊಟ್ಟಿಗಳನ್ನು ಫಾದರ್ ಕಡೆಯಿಂದ ತರಿಸಿದ್ದೆ. "ಇದೇನ್ ಮೇಡಂ, ಹಪ್ಪಳಾನಾ?" ಎಂದ ಎಕ್ಸ್-ರೇ ಟೆಕ್ನಿಷಿಯನ್. ದೊಡ್ಡ ಚೂರು ಗಂಟಲಲ್ಲೇ ಉಳಿಯಿತು. ಎಳ್ಳಿನಷ್ಟು ಚೂರನ್ನು ಪುಡಿ ಬೆರೆಸಿ ಮಂದ ಮಾಡಿದ ನೀರಿನಲ್ಲಿ ನೆನೆಸಿ, ತಲೆಯನ್ನು ಸೋತ ಎಡಕ್ಕೆ ತಿರುಗಿಸಿ, ಗಲ್ಲ ತಗ್ಗಿಸಿ ನುಂಗಿಸಿದಾಗ ಅದು ಸರಿಯಾದ ದಾರಿ ಹಿಡಿದು ಇಳಿಯಿತು. ಡಾಕ್ಟರು ಒಪ್ಪಿ ಸಹಿ ಹಾಕಿದರು.

ಮುಂದಿನ ಭಾನುವಾರ ಬೆಳಿಗ್ಗೆ ಅರೆಕೆರೆಯ ಆ ಮನೆಯಲ್ಲಿ ನಾವು ನಾಲ್ವರಿದ್ದೆವು. ಏನಾದರೂ ಆದರೆ ಎಂದು ಗಂಟಲಲ್ಲಿ ಸಿಕ್ಕಿದ್ದನ್ನು ಎಳೆದು ತೆಗೆಯುವ ಸಕ್ಷನ್ ಮೆಷಿನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಫಾದರ್ ಚೂರನ್ನು ಚಮಚದಲ್ಲಿಟ್ಟು "ಕ್ರಿಸ್ತರ ಶರೀರ" ಎಂದರು. ಲೂರ್ದಮ್ಮನ "ಆಮೆನ್" ಹೊರಬರಲು ಹೊತ್ತು ಹಿಡಿಯಿತು, ಎಲ್ಲರೂ ಕಾದೆವು. ನನ್ನ ಬೆರಳುಗಳು ಅವರ ಗಂಟಲ ಮೇಲಿದ್ದವು. ಗಂಟಲು ಏರಿತು, ತಡೆಯಿತು, ಇಳಿಯಿತು. ಕೆಮ್ಮು ಬರಲಿಲ್ಲ. "ಆ ಅನ್ನಿ ಅಮ್ಮ" ಎಂದೆ. ಗಂಟಲಲ್ಲಿ ಏನಾದರೂ ಉಳಿದಿದ್ದರೆ ದನಿ ಒದ್ದೆಯಾಗಿ ಗೊರಗುಟ್ಟುತ್ತದೆ, ಅವರದು ಶುದ್ಧವಾಗಿತ್ತು. ಸ್ಟೆಲ್ಲಾ ಗೋಡೆಗೊರಗಿ ಅತ್ತಳು.

ಫಾದರ್ ಹೊರಟ ಮೇಲೆ, ಇಷ್ಟು ತಿಂಗಳು ಕಾದವರ ಸಂತೋಷವನ್ನಾದರೂ ಕಿವಿಯಿಂದ ಕೇಳೋಣ ಎಂದು, "ಹೇಗನ್ನಿಸ್ತು ಅಮ್ಮ?" ಎಂದೆ.

"ಏನೂ... ಅನ್ನಿಸ್ಲಿಲ್ಲ."

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಅವರಿಗೆ ಅನಿಸಿರಬೇಕು. ಮತ್ತೆ ಹೇಳಿದರು: "ಏನೂ ಅನ್ಸಲ್ಲ. ತುಂಬಾ ವರ್ಷ ಆಯ್ತು."

"ಮತ್ತೆ ಇಷ್ಟೊಂದು ಹಟ ಯಾಕಮ್ಮ?"

ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ಬೇಕಲ್ಲ," ಎಂದರು. ಆಮೇಲೆ, "ಮುಂದಿನ್ ವಾರ ಸ್ವಾಮಿಗೆ ಬೇಗ ಬರೋಕೆ ಹೇಳು. ಕಾಯಿಸ್ತಾರೆ," ಎಂದು ಕಣ್ಣು ಮುಚ್ಚಿದರು.

ಲೂರ್ದಮ್ಮ ಮತ್ತೆ ನ್ಯುಮೋನಿಯಾದಿಂದ ಆಸ್ಪತ್ರೆಗೆ ಬರಲಿಲ್ಲ. ಮರುವರ್ಷ ಹೃದಯಾಘಾತದಿಂದ ತೀರಿಕೊಂಡರು, ಅದರ ಹಿಂದಿನ ಭಾನುವಾರವೂ ಪ್ರಸಾದ ಸ್ವೀಕರಿಸಿದ್ದರು. ಆ ಪ್ರಕರಣದ ನಂತರ ನಿವೃತ್ತಿಯವರೆಗೆ ಪ್ರತಿ ರೋಗಿಯ ಮನೆಯಲ್ಲೂ ಒಂದು ಪ್ರಶ್ನೆ ತಪ್ಪದೆ ಕೇಳಿದೆ: ನೀವು ಊಟ ಅಂತ ಲೆಕ್ಕ ಹಿಡಿಯದ್ದು ಏನನ್ನಾದರೂ ಇವರ ಬಾಯಿಗೆ ಹಾಕುತ್ತೀರಾ? ಪದ್ಮನಾಭನಗರದ ಒಬ್ಬ ತಾತನಿಗೆ ದಿನವೂ ತೀರ್ಥ ಸಿಗುತ್ತಿತ್ತು. ಬಿಟಿಎಂನ ಒಂದು ಮನೆಯಲ್ಲಿ ದರ್ಗಾದಿಂದ ತಂದ ನೀರು ಕುಡಿಸುತ್ತಿದ್ದರು. ಯಾರಿಗೂ ಬಿಡಿ ಎನ್ನಲಿಲ್ಲ. ಯಾವ ಹದದಲ್ಲಿ, ಎಷ್ಟು ಕೊಡಬಹುದೆಂದು ತೋರಿಸಿದೆ.

ಇನ್ನೊಂದು ಪಾಠ ನನ್ನೊಬ್ಬಳದು. ಏನೂ ಅನಿಸದೆ ಪ್ರಸಾದ ಸ್ವೀಕರಿಸುತ್ತಿದ್ದೇನೆಂದು ನನಗೆ ಒಳಗೊಳಗೇ ನಾಚಿಕೆಯಿತ್ತು, ಕಳ್ಳತನದಂತೆ. ಈಗಲೂ ಏನೂ ಅನಿಸುವುದಿಲ್ಲ, ನಾಚಿಕೆ ಮಾತ್ರ ಇಲ್ಲ. ಆಮೆನ್ ಎನ್ನುತ್ತೇನೆ, ನುಂಗುತ್ತೇನೆ, ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಬೇಕು.