ಸುಣ್ಣ ಬಳಿದ ಐದು ಕಲ್ಲು

ಗುರುಲಿಂಗ ಮಾಸ್ತರಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಲು ಶುರು ಮಾಡುತ್ತಿದ್ದರು. ಬಸವಕಲ್ಯಾಣದ ಆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಇಪ್ಪತ್ತಾರು ವರ್ಷ ಅವರು ಒರೆಸಿದ್ದೇ ಒರೆಸಿದ್ದು. ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಬಗ್ಗೆ ಹೇಳಹೊರಟರೆ ಜನವರಿಯ ಒಂದು ಶುಕ್ರವಾರವೇ ಮೊದಲು ನೆನಪಾಗುತ್ತದೆ.

ಎರಡು ದಿನ ರಜೆ ಹಾಕಿ ಊರಾದ ಹುಮನಾಬಾದಿನಲ್ಲೇ ಡಾಕ್ಟರಿಗೆ ತೋರಿಸಿಕೊಂಡಿದ್ದರು. ತಡ ಮಾಡದೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಮಾಸ್ತರು ಅದನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ಆ ಶುಕ್ರವಾರ ಶಾಲೆಗೆಂದೇ ಎಂಟರ ಬಸ್ಸು ಹತ್ತಿದರು. ಮರುದಿನ ಶಾಲೆಯ ತಪಾಸಣೆ ಇತ್ತು. ಮಾಸ್ತರ ಕಲ್ಲುಗಳ ಪಾಠವನ್ನು ಸಾಹೇಬರ ಮುಂದೆ ಮಕ್ಕಳಿಂದ ಹೇಳಿಸಲು ಮುಖ್ಯೋಪಾಧ್ಯಾಯಿನಿ ಜಯಮಾಲಾ ಮೇಡಂ ಅಂತೂ ಒಪ್ಪಿದ್ದರು. ಏಪ್ರಿಲ್ಲಿಗೆ ಮಾಸ್ತರ ನಿವೃತ್ತಿ. ಇನ್ನೊಂದು ತಪಾಸಣೆ ಅವರ ಪಾಲಿಗಿರಲಿಲ್ಲ.

ಶಾಲೆಯ ಗೇಟು ದಾಟಿದವರು ಅಲ್ಲೇ ನಿಂತುಬಿಟ್ಟರು.

ಗೇಟಿನಿಂದ ವರಾಂಡದವರೆಗೆ ದಾರಿಯ ಪಕ್ಕದಲ್ಲಿ ಅವರು ಐದು ಕಲ್ಲು ಇಟ್ಟಿದ್ದರು. ಈ ಸೀಮೆಯಲ್ಲಿ ಎಲ್ಲಿ ಅಗೆದರೂ ಬೆಂಕಿಯಿಂದ ಹುಟ್ಟಿದ ಕರಿಕಲ್ಲು, ಇಲ್ಲವೇ ಕೆಂಪು ಮುರಕಲ್ಲು. ಕೆಸರು ಕಲ್ಲಾಗಿ, ಆ ಕಲ್ಲು ನೆಲದಾಳದಲ್ಲಿ ಹಂತಹಂತವಾಗಿ ಬೇಯುವುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಹೊರಗಿನಿಂದಲೇ ಕಲ್ಲು ತರಬೇಕು. ಮೊದಲನೆಯದು ಸೇಡಂ ಕಡೆಯ ಹಳ್ಳದ ದಂಡೆಯ ಜೇಡುಶಿಲೆ. ಎರಡನೆಯದು ಮಾರ್ಕಾಪುರದ ಪಾಟಿಕಲ್ಲು, ಅಂದರೆ ಸ್ಲೇಟು. ಮೂರನೆಯದು ಗದಗದ ಕಡೆಯದು, ರೇಷ್ಮೆಯಂತೆ ಮಿನುಗುವ ಫಿಲೈಟ್. ನಾಲ್ಕನೆಯದು ಹೊಳೆನರಸೀಪುರದ್ದು, ಅಭ್ರಕದ ಪದರುಗಳ ನಡುವೆ ಕೆಂಪು ಗಾರ್ನೆಟ್ ಕಾಳು ಕೂತ ಶಿಸ್ಟ್. ಐದನೆಯದು ವಿಶಾಖಪಟ್ಟಣದ ಪಟ್ಟೆಪಟ್ಟೆಯ ನೈಸ್ ಶಿಲೆ. ಜನ ಮದುವೆಗೆ ಹೋದ ಊರಿನಿಂದ ಮಿಠಾಯಿ ತರುತ್ತಾರೆ, ನಿಮ್ಮ ಯಜಮಾನರು ಕಲ್ಲು ತರುತ್ತಾರಲ್ಲ ಎಂದು ಅವರ ಹೆಂಡತಿ ಲಲಿತಾಬಾಯಿಯನ್ನು ಓಣಿಯೆಲ್ಲ ಕೇಳಿತ್ತು.

ಈಗ ಐದೂ ಕಲ್ಲುಗಳು ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ, ಒಂದು ಕೆಂಪು, ಒಂದು ಬಿಳಿ.

ಸಾಹೇಬರು ಬರುತ್ತಾರೆಂದರೆ ಅಂಗಳದ ಅಂಚಿನ ಕಲ್ಲುಗಳಿಗೆಲ್ಲ ಸುಣ್ಣ, ಕಾವಿ ಬಳಿಯುವುದು ಆ ಶಾಲೆಯ ಪದ್ಧತಿ. ಸೇವಕ ನರಸಿಂಗ ಕೈಯಲ್ಲಿ ಬ್ರಶ್ಶು ಹಿಡಿದುಕೊಂಡೇ ಬಂದ.

“ನಮಸ್ಕಾರ ಸರ. ನಿಮ್ಮ ಕಲ್ಲ ಮುಗದಾವ್ರಿ. ಎರಡೆರಡ ಕೋಟ್ ಹೊಡದೇನಿ.”

ಮಾಸ್ತರು ಕನ್ನಡಕ ಒರೆಸಿದರು.

“ಎರಡೆರಡು?”

“ಒಂದಕ್ಕ ಕರಿ ಬಣ್ಣ ಕಾಣಾಕತ್ತಿತ್ರಿ.”

“ನರಸಿಂಗ, ಇವು ಅಂಚಿನ ಕಲ್ಲಲ್ಲಪಾ. ಎಷ್ಟ ಸಲ ಹೇಳೇನಿ ನಿಂಗ?”

“ಅಂಚಿಗೇ ಅದಾವಲ್ರಿ ಸರ.”

ಮಾಸ್ತರು ಒಂದು ಕಲ್ಲಿನ ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. ಬ್ರಶ್ಶಿನಿಂದ ಮೆಲ್ಲಗೆ ತಿಕ್ಕು, ನೀರು ಕಡಿಮೆ ಹಾಕು ಎಂದು ಹೇಳಿ ತರಗತಿಗೆ ಹೋದರು. ನರಸಿಂಗ ಎರಡು ಕೋಟಿನ ಶ್ರದ್ಧೆಯವನು. ಐದನ್ನೂ ಗಿಡಕ್ಕೆ ನೀರುಣಿಸುವ ಸಿಮೆಂಟಿನ ಟಾಕಿಯಲ್ಲಿ ನೆನೆಹಾಕಿ ಊಟಕ್ಕೆ ಹೋದ.

ಮಧ್ಯಾಹ್ನ ಟಾಕಿಯಿಂದ ನಾಲ್ಕು ಕಲ್ಲು ಹೊರಬಂದವು. ಉಳಿದೊಂದಕ್ಕೆ ಕೈ ಹಾಕಿದರೆ ಬೆರಳ ಸಂದಿಯಲ್ಲಿ ಕೆಸರು ಸಿಕ್ಕಿತು. ಜೇಡುಶಿಲೆ ಕರಗಿ ತಳಕ್ಕೆ ಕೂತಿತ್ತು.

ಮಾಸ್ತರು ಟಾಕಿಯ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ಕನ್ನಡಕವನ್ನೂ ತೆಗೆಯಲಿಲ್ಲ. ಸೇಡಮ್ಮಿನಿಂದ ಆ ಕಲ್ಲನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ನಾಳೆಯೊಳಗೆ ಇನ್ನೊಂದು ತರುವುದು ಸಾಧ್ಯವಿರಲಿಲ್ಲ. ಮೊದಲನೆಯದೇ ಇಲ್ಲದಿದ್ದರೆ ಉಳಿದ ನಾಲ್ಕು ಬರೀ ಕಲ್ಲು.

“ಸರ, ಒಂದ ಮಾತ ಕೇಳ್ಲ್ಯಾ?” ನರಸಿಂಗ ದೂರ ನಿಂತೇ ಕೇಳಿದ. “ಐದೂ ಒಂದ ಮಣ್ಣಿಂದ ಆದವು ಅಂತ ನೀವ ಪೋರಗೋಳಿಗೆ ಹೇಳತಿದ್ರಿ. ಮತ್ತ ಇದೊಂದ ಯಾಕ ಕರಗತು? ಅವ್ಯಾಕ ಕರಗಲಿಲ್ಲ?”

ಮಾಸ್ತರು ತಲೆಯೆತ್ತಿದರು. ಇಪ್ಪತ್ತಾರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಕ್ಕಳು ಐದು ಹೆಸರು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡು ಹೋಗಿದ್ದರು.

“ಇದಕ್ಕ ಬರೇ ಭಾರ ಬಿದ್ದಿತ್ತೋ. ಕೆಸರು ಒತ್ತಿ ಒತ್ತಿ ಗಟ್ಟಿಯಾಗಿತ್ತು, ಒಳಗ ಇನ್ನಾ ಮಣ್ಣ ಇತ್ತು. ಪಾಟಿಕಲ್ಲು ಅದಕ್ಕಿಂತ ಕೆಳಗ ಹೋತು. ಅಲ್ಲಿ ಕಾವು. ಮಣ್ಣಿನ ಕಣ ಬದಲಾಗಿ ಸಣ್ಣ ಅಭ್ರಕ ಆತು, ಒತ್ತಡಕ್ಕ ಎಲ್ಲಾ ಒಂದ ದಿಕ್ಕಿಗೆ ಮಲಗ್ತು. ಅದಕ್ಕ ಹಾಳಿ ಹಾಳಿ ಬಿಡತದ. ಇನ್ನಾ ಕಾವು ಹೆಚ್ಚಾದ್ರ ಅಭ್ರಕ ದೊಡ್ಡದಾಗಿ ಮಿಂಚತದ, ಆಮ್ಯಾಲ ಗಾರ್ನೆಟ್ ಹುಟ್ಟತದ.”

“ಆ ಕೆಂಪ ಕಾಳು ಹೊರಗಿಂದ ಬಂದದ್ದಲ್ರ್ಯಾ?”

“ಹೊರಗಿಂದಲ್ಲ. ಆ ಮಣ್ಣಾಗ ಇದ್ದದ್ದ ಕೂಡಿ ಆದದ್ದು.”

“ಬಿಸಿಗೆ ಕರಗಿ ಆತೇನ್ರಿ?”

“ಕರಗಿಲ್ಲೋ. ಕಲ್ಲಾಗೇ ಇದ್ದು ಬದಲಾತು. ಲಕ್ಷಗಟ್ಟಲೆ ವರ್ಷ. ಐದನೇದರಾಗ ಸ್ವಲ್ಪ ಕರಗಿರಬಹುದು.”

“ಹಂಗಾರ ನಾ ಕೆಡಿಸಿದ್ದು ಬೇಯದ್ದ ಒಂದ” ಎಂದ ನರಸಿಂಗ, ಸ್ವಲ್ಪ ಸಮಾಧಾನದಿಂದ. ಮಾಸ್ತರು ಆಗ ಕನ್ನಡಕ ತೆಗೆದು ಒರೆಸಿದರು.

ಟಾಕಿಯ ತಳದ ಕೆಸರನ್ನು ಬೊಗಸೆಯಲ್ಲಿ ತೋಡಿ ಕಬ್ಬಿಣದ ಬುಟ್ಟಿಗೆ ತುಂಬಿದರು. ತೊಳೆದ ನಾಲ್ಕನ್ನು ಅವುಗಳ ಜಾಗಕ್ಕಿಟ್ಟು, ಗೇಟಿನ ಬಳಿ ಮೊದಲನೆಯ ಜಾಗದಲ್ಲಿ ಆ ಬುಟ್ಟಿಯನ್ನೇ ಇಟ್ಟರು.

ಮರುದಿನ ಸಾಹೇಬರು ಬಂದರು. ಮಕ್ಕಳು ಸಾಲಾಗಿ ನಿಂತಿದ್ದರು. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಐದೂ ಜಾಗ ದಾಟಿ ವರಾಂಡ ಹತ್ತಿದರು. ಹೋಗುವಾಗ ತಪಾಸಣಾ ಪುಸ್ತಕದಲ್ಲಿ ಬರೆದರು: ಆವರಣ ಸ್ವಚ್ಛವಾಗಿದೆ, ಕೆಲವು ಕಲ್ಲುಗಳಿಗೆ ಬಣ್ಣ ಬಳಿದಿಲ್ಲ.

ಕಲಬುರಗಿಗೆ ಮಾಸ್ತರು ಹೋದದ್ದು ನಿವೃತ್ತಿಯ ನಂತರ. ಯಾಕ ಇಷ್ಟ ತಡ ಎಂದು ಕೇಳಿದವರಿಗೆ, ಪಾಠ ಉಳಿದಿತ್ತು ಎಂದರು. ಅಂಥ ಮನುಷ್ಯನಿಗೆ ಏನು ಹೇಳುವುದು? ಹೇಳಲು ಈಗ ಅವರೂ ಇಲ್ಲ.

ಬುಟ್ಟಿಯ ಕೆಸರು ಒಣಗಿದಾಗಲೆಲ್ಲ ನರಸಿಂಗ ನೀರು ಹಾಕುತ್ತಾನೆ. ಈ ಜನವರಿಯಲ್ಲಿ ಅಂಗಳದ ಕಲ್ಲಿಗೆಲ್ಲ ಎರಡೆರಡು ಕೋಟು ಬಳಿದ, ಆ ನಾಲ್ಕನ್ನು ಬಿಟ್ಟು. ಮೇಡಂ ಕೇಳಿದ್ದಕ್ಕೆ, “ಅವು ಬೆಂದಾವ್ರಿ, ಬಣ್ಣ ಹತ್ತಂಗಿಲ್ಲ” ಎಂದನಂತೆ. ಹೊಸ ಮಕ್ಕಳು ಬಂದರೆ ಬುಟ್ಟಿಯಿಂದ ಶುರು ಮಾಡಿ ಒಂದೊಂದೇ ಕಲ್ಲು ಮುಟ್ಟಿಸುತ್ತಾ ವರಾಂಡದವರೆಗೆ ಕರೆದೊಯ್ಯುತ್ತಾನೆ. ಎರಡನೆಯದರ ಹೆಸರನ್ನು ಮೂರನೆಯದಕ್ಕೆ, ಮೂರನೆಯದರ ಹೆಸರನ್ನು ಎರಡನೆಯದಕ್ಕೆ ಹೇಳುತ್ತಾನೆ. ತಿದ್ದುವವರು ಯಾರೂ ಇಲ್ಲ.