ನಲಿವೆಂದು ಬರೆದ ನಗು

ಜರ್ಮನಿಯ ಉತ್ತರದ ಪ್ರಾಂತ್ಯವೊಂದರ ಶಾಸನಸಭೆಯಲ್ಲಿ ವೀಬ್ಕೆ ಓಲಿಂಗ್ ಇಪ್ಪತ್ತಾರು ವರ್ಷಗಳಿಂದ ಶೀಘ್ರಲಿಪಿಗಾರ್ತಿ. ಭಾಷಣದ ಕಟ್ಟೆಯ ಕೆಳಗೇ ಅವಳ ಮೇಜು. ನಿಂತವರ ಮಾತನ್ನಷ್ಟೇ ಅಲ್ಲ, ಕೂತವರ ಚಪ್ಪಾಳೆ, ಕೂಗು, ಕೊಂಕು ಎಲ್ಲವನ್ನೂ ಯಾವ ಸಾಲಿನಿಂದ ಬಂತೆಂದು ಗುರುತಿಸಿ ಬರೆಯಬೇಕು. ನಗುವಿಗಂತೂ ಅಲ್ಲಿ ಎರಡು ಪದ. ಇಡೀ ಸಭೆ ಒಟ್ಟಾಗಿ ನಕ್ಕರೆ ‘ನಲಿವು’. ಒಬ್ಬರನ್ನು ಗೇಲಿ ಮಾಡಿ ಉಳಿದವರು ನಕ್ಕರೆ ಬರೀ ‘ನಗು’. ಹೊರಗಿನವರಿಗೆ ಎರಡೂ ಒಂದೇ. ಆ ಸಭೆಯವರಿಗೆ ಅವೆರಡಕ್ಕೂ ಅಜಗಜಾಂತರ.

ಯಾವ ಪಕ್ಷದ ಮೇಲೂ ಒಲವಿರಬಾರದೆಂಬುದು ಆ ಕೆಲಸದ ಮೊದಲ ಪಾಠ. ವೀಬ್ಕೆ ಅದನ್ನು ಚಾಚೂತಪ್ಪದೆ ಪಾಲಿಸಿದವಳು. ಆದರೆ ಮನಸ್ಸಿಗೆ ಪಾಠ ಹೇಳುವವರು ಯಾರು? ಹನ್ನೊಂದು ವರ್ಷಗಳಿಂದ ಅದು ಓನೊ ಫ್ರೆರಿಕ್ಸ್ ಅವರ ದನಿಗಾಗಿ ಹಂಬಲಿಸುತ್ತಿತ್ತು.

ಫ್ರೆರಿಕ್ಸ್ ಸಮುದ್ರದ ನಡುವಿನ ಪುಟ್ಟ ದ್ವೀಪವೊಂದರ ನಿವೃತ್ತ ಮೇಷ್ಟ್ರು, ಹೆಂಡತಿಯನ್ನು ಕಳೆದುಕೊಂಡವರು. ಅವರದು ಐದೇ ಜನರ ಪಕ್ಷ, ಕುರ್ಚಿಗಳೂ ಬಾಗಿಲ ಪಕ್ಕ, ಗಾಳಿ ಬೀಸುವ ಮೂಲೆಯಲ್ಲಿ. ಅವರು ಮಾತಿಗೆ ಎದ್ದರೆ ಸಾಕು, ಆಳುವ ಪಕ್ಷದ ಅರ್ಧ ಜನಕ್ಕೆ ಕಾಫಿ ನೆನಪಾಗುತ್ತಿತ್ತು. ಉಳಿದವರು ಪತ್ರಿಕೆ ಬಿಡಿಸುತ್ತಿದ್ದರು. ಮಂತ್ರಿಗಳು ಬೆನ್ನು ತಿರುಗಿಸಿಕೊಂಡು ಹರಟುತ್ತಿದ್ದರು. ಬಹುಮತ ಇದ್ದವರಿಗೆ ಕಿವಿ ಯಾಕೆ, ಎತ್ತಲು ಕೈ ಇದ್ದರೆ ಆಯಿತು. ಅಷ್ಟು ಜನರ ಆ ಸಭೆಯಲ್ಲಿ ಮೇಷ್ಟ್ರ ಮಾತನ್ನು ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದವಳು ವೀಬ್ಕೆ ಒಬ್ಬಳೇ.

ಬರೆಯುವವರದು ಹತ್ತು ಹತ್ತು ನಿಮಿಷದ ಸರದಿ. ಮೇಷ್ಟ್ರ ಭಾಷಣ ಬಂದಾಗಲೆಲ್ಲ ಅವಳು ಜೊತೆಗಾತಿ ಗೆಷೆಯ ಸರದಿಯನ್ನು ಬೇಡಿ ಪಡೆಯುತ್ತಿದ್ದಳು.

“ತಗೋಳೇ, ಇದೂ ನಿನಗೇ,” ಅನ್ನುತ್ತಿದ್ದಳು ಗೆಷೆ. “ಆ ಮನುಷ್ಯನಿಗೆ ನಿನ್ನ ಹೆಸರಾದ್ರೂ ಗೊತ್ತಾ?”

“ಅವರು ಎಲ್ಲೆಲ್ಲಿ ಅಲ್ಪವಿರಾಮ ಇಡ್ತಾರೆ ಅಂತ ನನಗೆ ಗೊತ್ತು.”

“ಅಲ್ಪವಿರಾಮ ಇಟ್ಕೊಂಡು ಸಂಸಾರ ಮಾಡಕ್ಕಾಗಲ್ಲ ಕಣೇ.”

ಬರೆದದ್ದನ್ನು ಮಾರನೇ ದಿನ ಶಾಸಕರಿಗೆ ತೋರಿಸುವುದು ಪದ್ಧತಿ. ಬೇರೆಯವರು ತಕರಾರು ಹೊತ್ತು ಎರಡನೇ ಮಹಡಿಯ ಅವಳ ಕೋಣೆಗೆ ಹತ್ತಿ ಬರುತ್ತಿದ್ದರು. ಮೇಷ್ಟ್ರ ಹಾಳೆಗಳು ಮಾತ್ರ ಸಹಿಯೊಂದಿಗೆ ಜವಾನನ ಕೈಲಿ ಹಿಂದಿರುಗುತ್ತಿದ್ದವು. ಒಮ್ಮೆಯಾದರೂ ಅವರು ತಾವೇ ಬಂದು ಎದುರು ಕೂರಲಿ ಎಂದು ವೀಬ್ಕೆ ಆಸೆಪಟ್ಟಿದ್ದಕ್ಕೆ ಲೆಕ್ಕವಿಲ್ಲ.

ಮೇಷ್ಟ್ರು ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವೆಂದು ಅವಳಿಗೆ ತಿಳಿಯಿತು. ಆ ನವೆಂಬರಿನಲ್ಲಿ ಅವರದು ಕೊನೆಯ ಭಾಷಣ. ಚಳಿಗಾಲದಲ್ಲಿ ದ್ವೀಪಕ್ಕೆ ವಾರಕ್ಕೆರಡೇ ದಿನ ದೋಣಿ ಸಾಕೆಂದು ಸರ್ಕಾರ ಮಸೂದೆ ತಂದಿತ್ತು. ದಿನಾ ಬಿಡಬೇಕೆಂಬುದು ಮೇಷ್ಟ್ರ ತಿದ್ದುಪಡಿ.

“ಹೋದ ಜನವರಿಯಲ್ಲಿ ದೋಣಿಯಿಲ್ಲದೆ ಪಶುವೈದ್ಯರು ಬರಲಿಲ್ಲ,” ಎಂದರು ಅವರು. “ಪಕ್ಕದ ಮನೆ ಹಸುವಿನ ಹೆರಿಗೆ ನಾನೇ ಮಾಡಿಸಬೇಕಾಯ್ತು. ನಾನು ಲೆಕ್ಕದ ಮೇಷ್ಟ್ರು.”

“ಕರು ಪಾಸಾಯ್ತಾ ಮೇಷ್ಟ್ರೇ?” ಎಂದು ಆಳುವ ಪಕ್ಷದ ಮುಂದಿನ ಸಾಲಿನಿಂದ ಬ್ರೊಕ್‌ಮೈಯರ್ ಕೂಗಿದ.

ಆ ಕಡೆಯವರೆಲ್ಲ ಮೇಜು ಕುಟ್ಟಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಪತ್ರಿಕೆ ಮಡಚಿ ಅವರತ್ತ ನೋಡಿದರು. ಮೇಷ್ಟ್ರ ತುಟಿಯಲ್ಲೂ ಸಣ್ಣ ನಗೆ ಸುಳಿಯಿತು. ಗದ್ದಲ ತಗ್ಗುವಷ್ಟರಲ್ಲಿ ಅವರಿಗೆ ಕೊಟ್ಟ ನಾಲ್ಕು ನಿಮಿಷ ಮುಗಿದು ಅಧ್ಯಕ್ಷರ ಗಂಟೆ ಮೊಳಗಿತು. ಉಳಿದ ಮಾತನ್ನು ನುಂಗಿಕೊಂಡು ಅವರು ಕೂತರು. ಕೈಗಳು ಎದ್ದವು, ತಿದ್ದುಪಡಿ ಬಿತ್ತು.

ಸಂಜೆ ವರದಿ ಬರೆಯುತ್ತ ಆ ನಗುವಿನ ಜಾಗಕ್ಕೆ ಬಂದಾಗ ವೀಬ್ಕೆಯ ಕೈ ನಿಂತಿತು. ಮೇಷ್ಟ್ರೂ ನಕ್ಕರಲ್ಲ, ಅಂದಮೇಲೆ ಎಲ್ಲರೂ ನಕ್ಕಂತೆಯೇ ಅಲ್ಲವೇ ಎಂದು ತನ್ನೊಂದಿಗೇ ವಾದಿಸಿದಳು. ವಾದ ಸುಳ್ಳೆಂದು ಅವಳಿಗೇ ಗೊತ್ತಿತ್ತು. ಕೊನೆಯ ಭಾಷಣದಲ್ಲಾದರೂ ಅವರಿಗೆ ಅವಮಾನವಾಗಿರಬಾರದು, ಅಷ್ಟೇ ಅವಳಿಗೆ ಬೇಕಿದ್ದುದು. ‘ನಲಿವು’ ಎಂದು ಬರೆದುಬಿಟ್ಟಳು.

ಮಾರನೇ ಬೆಳಿಗ್ಗೆ ಬಾಗಿಲು ತಟ್ಟಿದವರು ಫ್ರೆರಿಕ್ಸ್ ಮೇಷ್ಟ್ರೇ. ವೀಬ್ಕೆ ಎದ್ದು ಕುರ್ಚಿ ಎಳೆದಳು.

“ತೊಂದರೆ ಕೊಡ್ತಿದೀನಿ, ಓಲಿಂಗ್ ಅವರೇ,” ಎಂದರು, ಬಾಗಿಲ ಮೇಲಿನ ಹೆಸರನ್ನು ಓದಿಕೊಂಡು. “ಇಲ್ಲಿ ನಲಿವು ಅಂತಿದೆ. ಬರೆದವರು ಸರಿಯಾಗಿ ಕೇಳಿಸ್ಕೊಂಡಿಲ್ಲ ಅನ್ಸುತ್ತೆ.”

“ನೀವೂ ನಕ್ಕಿರಲ್ಲ,” ಎಂದಳು ಮೆಲ್ಲಗೆ.

“ಮುಖ ಎಲ್ಲಿಟ್ಕೊಳ್ಳೋದು ತೋಚಲಿಲ್ಲ, ಅದಕ್ಕೆ ನಕ್ಕೆ.” ಅವರು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. “ಆ ಹಸು ಸತ್ತೋಯ್ತು. ಅದನ್ನ ಹೇಳೋಕೆ ಟೈಮ್ ಸಿಗಲಿಲ್ಲ. ಇದನ್ನ ನಮ್ಮೂರಲ್ಲಿ ಓದ್ತಾರೆ. ನಕ್ಕೋರ ಜೊತೆ ಸೇರ್ಕೊಂಡು ನಾನೂ ನಲಿದೆ ಅಂತ ಆ ಹಸು ಸಾಕಿದ ಹೆಂಗಸು ಓದಬೇಕಾ? ಸೋತ್ವಿ, ಸರಿ. ಹೇಗೆ ಸೋತ್ವಿ ಅನ್ನೋದಾದ್ರೂ ನೆಟ್ಟಗಿರಲಿ.”

ಹನ್ನೊಂದು ವರ್ಷ ನಿಮ್ಮ ಒಂದು ಉಸಿರನ್ನೂ ಬಿಡದೆ ಕೇಳಿದ್ದೇನೆ ಎನ್ನಬೇಕೆನಿಸಿತು ಅವಳಿಗೆ. ಹಾಗೆ ಅಂದುಬಿಟ್ಟರೆ ಬೇಕೆಂದೇ ಸುಳ್ಳು ಬರೆದೆ ಎಂದೂ ಹೇಳಬೇಕಾಗುತ್ತಿತ್ತು.

“ಬರೆದಿದ್ದು ನಾನೇ,” ಎಂದಳು. “ನನಗೆ ಸರಿಯಾಗಿ ಕೇಳಿಸಲಿಲ್ಲ.”

ಪದವನ್ನು ಹೊಡೆದು ಹಾಕಿ, ‘ನಗು, ಆಳುವ ಪಕ್ಷದಿಂದ’ ಎಂದು ಬರೆದು ತೋರಿಸಿದಳು. ಮೇಷ್ಟ್ರು ಎರಡು ಸಲ ಓದಿ ತಲೆಯಾಡಿಸಿದರು. ಬಾಗಿಲ ಬಳಿ ನಿಂತು, ಪಾಪ ಎನ್ನಿಸಿತೇನೋ, ಅವಳಿಗೆ ಸಮಾಧಾನ ಹೇಳಿದರು.

“ಮನಸ್ಸಿಗೆ ಹಚ್ಕೋಬೇಡಿ. ಆ ಸಭೇಲಿ ನನ್ನ ಮಾತು ಯಾರಿಗೆ ತಾನೇ ಕೇಳಿಸಿದೆ.”