ಹದಿನೈದರವರೆಗಿನ ಎಣಿಕೆ

ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದವನು ನಾನು. ಇಸವಿಗಳು ಈಗಲೂ ಬಾಯಲ್ಲಿವೆ. ಆದರೆ ಹದಿನೈದರವರೆಗೆ ನೆಟ್ಟಗೆ ಎಣಿಸಲು ಬರುವುದಿಲ್ಲ. ಕೈಯಲ್ಲಿ ಏಳೂವರೆ ಕಿಲೋದ ಡಂಬೆಲ್ ಇರುವಾಗಂತೂ ಹನ್ನೆರಡಾದ ಮೇಲೆ ಹದಿಮೂರೋ, ಮತ್ತೆ ಹನ್ನೆರಡೋ ಎಂಬ ಅನುಮಾನ. ಅರವತ್ತೆರಡರ ವಯಸ್ಸಿನಲ್ಲಿ ಸೋಲುತ್ತಿರುವುದು ತೋಳೋ ತಲೆಯೋ ಎಂಬುದು ನನ್ನ ಮೊದಲ ಭಯ.

ಎರಡನೆಯ ಭಯದ ತೂಕ ಐವತ್ತೆರಡು ಕಿಲೋ. ಹೆಸರು ಜಯಮ್ಮ, ನನ್ನ ಹೆಂಡತಿ. ಹೋದ ವರ್ಷ ಲಕ್ವ ಹೊಡೆದು ಅವಳ ಎಡಭಾಗಕ್ಕೆ ಸ್ವಾಧೀನವಿಲ್ಲ. ಮಂಚದಿಂದ ಗಾಲಿಕುರ್ಚಿಗೆ, ಅಲ್ಲಿಂದ ಬಚ್ಚಲಿಗೆ ನಾನೇ ಎತ್ತಿ ಕೂರಿಸುತ್ತಿದ್ದೆ. ಯುಗಾದಿ ಕಳೆದ ವಾರ ಬಚ್ಚಲ ಬಾಗಿಲಲ್ಲಿ ಬೀಳಿಸಿಬಿಟ್ಟೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಅಂದಿನ ದಿನಚರಿಯಲ್ಲಿ ‘ಕಾಲು ಜಾರಿತು’ ಎಂದು ಬರೆದಿದ್ದೇನೆ. ನೆಲ ಒಣಗಿತ್ತು ಎಂದು ಈಗ ನೆನಪಾಗುತ್ತದೆ. ಆ ನೆನಪು ನಿಜವೋ, ನನ್ನನ್ನು ಹಂಗಿಸಲೆಂದೇ ಆಮೇಲೆ ಹುಟ್ಟಿಕೊಂಡದ್ದೋ ತಿಳಿಯದು. ದಾಖಲೆಯನ್ನು ನಂಬುವ ಮೊದಲು ಬರೆದವನು ಎಂಥವನೆಂದು ನೋಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಈಗ ಬರೆದವನನ್ನು ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ನೋಡುತ್ತೇನೆ, ನಂಬಿಕೆ ಬರುವುದಿಲ್ಲ.

ಅಂದಿನಿಂದ ಜಯಮ್ಮ ನನ್ನನ್ನು ಎತ್ತಲು ಕರೆಯಲಿಲ್ಲ. ಪಕ್ಕದ ಮನೆಯ ಸಾಕಮ್ಮ ಡೈರಿಗೆ ಹಾಲು ಹಾಕಿ ಎಂಟೂವರೆಗೆ ಬರುವತನಕ ಕಾಯುವಳು. ಕಾಯಲು ಅನುಕೂಲವಾಗಲೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬೆಳಿಗ್ಗೆ ಇಟ್ಟ ಲೋಟ ತುಂಬಿದಂತೆಯೇ ಇರುತ್ತಿತ್ತು. “ಬಾಯಾರ್ಕೆ ಇಲ್ಲ ಕಣ್ರೀ” ಎನ್ನುವ ತುಟಿ ಒಡೆದಿರುತ್ತಿತ್ತು. ಡಾಕ್ಟರು ಕಿಡ್ನಿಯ ಮಾತು ತೆಗೆದ ದಿನ ನಾನು ಹೋಗಿ ಜಿಮ್ಮಿಗೆ ಸೇರಿದೆ.

ಪಾಂಡವಪುರದ ಆ ಜಿಮ್ಮು ಗೊಬ್ಬರದಂಗಡಿಯ ಮಹಡಿಯಲ್ಲಿದೆ. ನಡೆಸುವವರು ಇಮ್ತಿಯಾಜ್, ಶ್ರೀರಂಗಪಟ್ಟಣದ ಗರಡಿಯಲ್ಲಿ ಪಳಗಿದವರು. ಬೇಕಾದದ್ದು ಐವತ್ತೆರಡು ಕಿಲೋ ತಾನೇ ಎಂದು ಮೊದಲ ದಿನವೇ ದೊಡ್ಡ ಕಬ್ಬಿಣಕ್ಕೆ ಕೈ ಹಾಕಿದೆ.

“ಅರೆ, ಬುಡಿ ಸಾರ್ ಅದನ್ನ! ಸೊಂಟ ಇಲ್ಲೇ ಬುಟ್ಟೋಯ್ತೀರಾ?” ಎಂದು ಓಡಿಬಂದರು. “ಸಾಧಾರಣ ತೂಕ ಇಡ್ಕಳಿ, ಹದಿನೈದು ಸಲ ಎತ್ತಿ. ಕಡೇ ಮೂರು ಆಗಕ್ಕಿಲ್ಲ ಅನ್ನಿಸ್ಬೇಕು. ಮಾಂಸ ಬೆಳೆಯೋದು ಅಲ್ಲೇ.”

ನನ್ನ ಭಯ ಬೆಳೆಯುವುದೂ ಅಲ್ಲೇ. ಹನ್ನೆರಡು ದಾಟಿದರೆ ತೋಳು ನಡುಗುತ್ತದೆ. ಬಚ್ಚಲ ಬಾಗಿಲಲ್ಲಿ ಬಂದ ಅದೇ ನಡುಕ. ಅದು ಬಂದೊಡನೆ ಲೆಕ್ಕ ಹಾರಿಹೋಗುತ್ತದೆ. ಅದಕ್ಕೇ ಕೂಗಿ ಎಣಿಸತೊಡಗಿದೆ. ಆಗ ಬಾಯಿಗೆ ಬಂದದ್ದು ಸಂತೆಬಾಚಹಳ್ಳಿಯ ನನ್ನ ಮಾವನವರ, ಅಂದರೆ ಜಯಮ್ಮನ ಅಪ್ಪನ, ಕಣದ ಎಣಿಕೆ. ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಅವರು ‘ಒಂದು’ ಎನ್ನುತ್ತಿರಲಿಲ್ಲ, ಶುಭವಾಗಲೆಂದು ‘ಲಾಭ’ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು.

“ಏನ್ ಮೇಷ್ಟ್ರೇ, ಡಂಬೆಲ್ ಎತ್ತುತಾ ಇದ್ದೀರೋ, ರಾಗಿ ಅಳೀತಾ ಇದ್ದೀರೋ?” ಪಕ್ಕದಲ್ಲಿದ್ದ ಮಾಕವಳ್ಳಿಯ ನಿಂಗೇಗೌಡ ನಕ್ಕ.

ಇಮ್ತಿಯಾಜ್ ನಗಲಿಲ್ಲ. “ಲಾಭ ಲೆಕ್ಕಕ್ಕಿಲ್ಲ ಸಾರ್. ಇನ್ನೊಂದು ಎತ್ತಿ!”

ಹೀಗೆ ನಾಲ್ಕು ತಿಂಗಳು ಪ್ರತಿ ಸರದಿಯಲ್ಲೂ ಹದಿನಾರು ಎತ್ತಿದೆ. ಕಣದಲ್ಲಿ ಯಾಕೆ ಕೂಗಿ ಎಣಿಸುತ್ತಿದ್ದರು ಎಂದು ಆಗ ಯೋಚಿಸಿದೆ. ನೆನಪನ್ನು ಒಬ್ಬನ ತಲೆಯಲ್ಲೇ ಇಟ್ಟರೆ ಅವನು ತಿದ್ದಿಕೊಂಡಾನು. ಸುತ್ತ ಕೂತವರ ಕಿವಿಯಲ್ಲೂ ಇರಲಿ ಎಂದಿರಬೇಕು. ನಾನು ಬೀಳಿಸಿದ ನೆನಪಿಗೂ ಇನ್ನೊಂದು ಕಿವಿ ಇತ್ತಲ್ಲ! ಕೇಳಲು ಧೈರ್ಯ ಸಾಲದೆ, ಮೊದಲು ನಿಂಗೇಗೌಡನ ತಮಾಷೆ ಹೇಳಿ ಜಯಮ್ಮನನ್ನು ನಗಿಸಿ, ಆಮೇಲೆ ಕೇಳಿದೆ: “ಅವತ್ತು ನಾನು ಕೈ ಬಿಟ್ಟೆನಾ?”

“ನಿಮ್ ಕೈ ನಡುಗ್ತಿತ್ತು. ನೀವೂ ಬಿದ್ಬುಡ್ತೀರಾ ಅಂತ ನಾನೇ ನಿಮ್ ಕತ್ತು ಬುಟ್ಟೆ.”

ಇದು ನಡೆದದ್ದೋ, ನನ್ನ ಮೇಲಿನ ಕರುಣೆಯೋ? ದಿನಚರಿಯಲ್ಲಿ ಹಳೆಯ ಸಾಲಿನ ಕೆಳಗೆ ಇದನ್ನೂ ಬರೆದೆ. ಯಾವುದನ್ನೂ ಹೊಡೆದುಹಾಕಲಿಲ್ಲ.

ಇವತ್ತು ಸಾಕಮ್ಮನ ಹಸು ಈದಿದೆ, ಅವಳು ಬರಲಿಲ್ಲ. ಒಂಬತ್ತಾಯಿತು. ಜಯಮ್ಮ ಗೋಡೆಯ ಕಡೆ ಮುಖ ಮಾಡಿದ್ದಳು. ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳೋ! ನಾನು ಮಂಚದ ಪಕ್ಕಕ್ಕೆ ಹೋಗಿ ಮಂಡಿ ಬಗ್ಗಿಸಿದೆ.

“ಕತ್ತು ಬಿಡಬೇಡ. ಬಿದ್ದರೆ ಇಬ್ಬರೂ ಬೀಳೋಣ.”

“ಒಳ್ಳೆ ಮಾತು ಆಡ್ರೀ!” ಎಂದು ಬಲಗೈಯಿಂದ ಕತ್ತು ಬಳಸಿದಳು, ಉಸಿರು ಕಟ್ಟುವಷ್ಟು ಬಿಗಿಯಾಗಿ. ಎತ್ತಿದೆ. ನಡುಕ ಬಂತು. ಕುರ್ಚಿಗೆ ಎರಡೇ ಹೆಜ್ಜೆ. ಅಷ್ಟು ದೂರವನ್ನು ನಾನು ಜೀವನದಲ್ಲಿ ನಡೆದಿಲ್ಲ. ಕೂರಿಸಿದಾಗ ಕಿವಿಯ ಹತ್ತಿರ ಅವಳ ದನಿ ಕೇಳಿತು:

“ಲಾಭ.”

ಬಚ್ಚಲಿಗೆ ಹೋಗಿಬಂದ ಮೇಲೆ ಮಂಚದ ಪಕ್ಕದ ಲೋಟ ಕೇಳಿದಳು. ಪೂರ್ತಿ ಕುಡಿದಳು. ಬರಿದಾದ ಲೋಟ ನನ್ನ ಮುಂದೆ ಹಿಡಿದು, “ಇನ್ನೊಂದು ಕೊಡಿ” ಎಂದಳು.

ಎರಡು ಲೋಟ ನೀರೆಂದರೆ ಹನ್ನೊಂದು ಗಂಟೆಯೊಳಗೆ ಮತ್ತೆ ಎತ್ತಬೇಕು. ಅಡುಗೆಮನೆಗೆ ಹೋದವನು, ನೀರು ತುಂಬುವ ಮೊದಲು, ಕಟ್ಟೆ ಹಿಡಿದು ಒಂದು ಸಲ ಮಂಡಿ ಬಗ್ಗಿಸಿ ಎದ್ದೆ.